ಚಿತ್ರ ಬರೆಯುತ್ತಾ ಮಾತನಾಡುವ ಪಾಠ

ಶಿಕ್ಷಕರು ಕರಿಹಲಗೆಯ ಮೇಲೆ ಚಿತ್ರ ಬರೆಯುತ್ತಾ ವಿವರಿಸಿದ ಪಾಠ ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ. ಆದರೆ ಗಂಟೆ ಬಾರಿಸಿದೊಡನೆ ಹಲಗೆ ಒರೆಸಲಾಗುತ್ತದೆ. ಆ ದಿನ ಶಾಲೆಗೆ ಬಾರದವರಿಗೂ, ಬಂದರೂ ಅರ್ಥವಾಗದವರಿಗೂ ಅದು ಮತ್ತೆ ಸಿಗದು. ಬರೆಯುವ ಗೆರೆಯನ್ನೂ ವಿವರಿಸುವ ಧ್ವನಿಯನ್ನೂ ಒಟ್ಟಿಗೆ ಮುದ್ರಿಸಿ ಅಂತರ್ಜಾಲದಲ್ಲಿ ಹಂಚುವ ವಿಧಾನ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ.

ಒಬ್ಬ ಬಾಲಕಿಯಿಂದ ಆರಂಭ

2004ರಲ್ಲಿ ಸಲ್ಮಾನ್ ಖಾನ್ (ಚಿತ್ರನಟರಲ್ಲ) ಅಮೆರಿಕದ ಬಾಸ್ಟನ್ ನಗರದಲ್ಲಿ ಹಣಕಾಸು ವಿಶ್ಲೇಷಕರಾಗಿದ್ದರು. ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಅವರ ಸಂಬಂಧಿ ಬಾಲಕಿಗೆ ಅಳತೆಯ ಮಾನಗಳನ್ನು ಬದಲಾಯಿಸುವ ಲೆಕ್ಕ ತಲೆಗೆ ಹತ್ತದೆ, ಗಣಿತದಲ್ಲಿ ಹಿಂದುಳಿದವರ ಗುಂಪಿಗೆ ಸೇರುವ ಸ್ಥಿತಿ ಬಂದಿತ್ತು. ಖಾನ್ ದೂರವಾಣಿಯಲ್ಲಿ ಮಾತನಾಡುತ್ತಾ, ಯಾಹೂ ಡೂಡಲ್‌ನಲ್ಲಿ ಗೆರೆ ಎಳೆಯುತ್ತಾ ಪಾಠ ಹೇಳಿದರು. ಬೇರೆ ಬಂಧುಗಳ ಮಕ್ಕಳೂ ಸೇರಿಕೊಂಡಾಗ ಸಮಯ ಸಾಲದಾಯಿತು. 2006ರಲ್ಲಿ ಅವರು ಪಾಠಗಳನ್ನು ಮುದ್ರಿಸಿ ಯೂಟ್ಯೂಬ್‌ಗೆ ಹಾಕತೊಡಗಿದರು. ಎದುರಿನ ಪಾಠಕ್ಕಿಂತ ಈ ವೀಡಿಯೊಗಳೇ ಮೇಲೆಂದು ಮಕ್ಕಳು ಹೇಳಿದರು. ನಿಲ್ಲಿಸಿ, ಹಿಂದಕ್ಕೆ ಹೋಗಿ, ನಾಚಿಕೆಯಿಲ್ಲದೆ ಮತ್ತೆ ಕೇಳಬಹುದಲ್ಲ! 2008ರಲ್ಲಿ ಖಾನ್ ಅಕಾಡೆಮಿ ಲಾಭರಹಿತ ಸಂಸ್ಥೆಯಾಯಿತು. ಇಂದು ಅದರ ಪಾಠಗಳು ಕನ್ನಡದಲ್ಲಿಯೂ ಇವೆ.

ಏಕೆ ಮನಸ್ಸಿಗೆ ಹತ್ತುತ್ತದೆ?

ಸಿದ್ಧಪಡಿಸಿದ ಸ್ಲೈಡ್‌ನಲ್ಲಿ ಎಲ್ಲವೂ ಒಮ್ಮೆಲೇ ಕಾಣುತ್ತದೆ. ಕಿವಿ ಮೊದಲ ಸಾಲಿನಲ್ಲಿರುವಾಗ ಕಣ್ಣು ಕೊನೆಯ ಸಾಲಿಗೆ ಓಡುತ್ತದೆ. ಚಿತ್ರ ಬೆಳೆಯುತ್ತಾ ಹೋದರೆ ಕಣ್ಣೂ ಕಿವಿಯೂ ಒಂದೇ ಕಡೆ ನಿಲ್ಲುತ್ತವೆ. ಯಾವುದು ಮೊದಲು, ಯಾವುದು ಅನಂತರ ಎಂಬುದೂ ತಿಳಿಯುತ್ತದೆ. ಎಡ್‌ಎಕ್ಸ್ ಸಂಸ್ಥೆಯ ನಾಲ್ಕು ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ಸ್ಲೈಡ್‌ಗಳಿಗಿಂತ ಕೈಯಿಂದ ಬರೆಯುತ್ತಾ ಹೇಳಿದ ಪಾಠಗಳನ್ನು, ಅದರಲ್ಲೂ 6 ನಿಮಿಷದೊಳಗಿನವುಗಳನ್ನು, ವಿದ್ಯಾರ್ಥಿಗಳು ಹೆಚ್ಚು ಆಸಕ್ತಿಯಿಂದ ನೋಡಿದ್ದರು.

ಒಂದು ಉದಾಹರಣೆ

ಸಮುದ್ರದಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಉಬ್ಬರ ಏಕೆ? ಮೊದಲು ಭೂಮಿಯ ವೃತ್ತ ಬರೆಯಿರಿ, ಪಕ್ಕದಲ್ಲಿ ಚಂದ್ರ. ಚಂದ್ರನ ಕಡೆಯ ನೀರು ಹೆಚ್ಚು ಸೆಳೆಯಲ್ಪಡುತ್ತದೆ ಎನ್ನುತ್ತಾ ಅಲ್ಲೊಂದು ಉಬ್ಬು ಬರೆಯಿರಿ. ಎದುರು ಬದಿಯ ನೀರಿಗಿಂತ ಭೂಮಿಯೇ ಹೆಚ್ಚು ಸೆಳೆಯಲ್ಪಡುವುದರಿಂದ ಅಲ್ಲಿಯೂ ಒಂದು ಉಬ್ಬು. ಈಗ ಭೂಮಿಯ ಮೇಲೆ ಚುಕ್ಕೆಯಿಟ್ಟು "ನಾವು ಇಲ್ಲಿದ್ದೇವೆ" ಎಂದು ಹೇಳಿ, ತಿರುಗುವ ಬಾಣ ಎಳೆಯಿರಿ. ಎರಡು ಉಬ್ಬುಗಳನ್ನೂ ಚುಕ್ಕೆ ದಾಟುತ್ತದೆ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಆದ್ದರಿಂದಲೇ ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ.

ಮಾಡುವುದು ಹೇಗೆ?

* ಬಿಳಿ ಕಾಗದ, ದಪ್ಪ ಸ್ಕೆಚ್ ಪೆನ್ನು ಸಾಕು. ಎರಡು ಪುಸ್ತಕರಾಶಿಗಳ ನಡುವೆ ಮೊಬೈಲ್ ಅನ್ನು ಕಾಗದಕ್ಕೆ ಮುಖ ಮಾಡಿ ಇರಿಸಿ. ಕೈಯ ನೆರಳು ಬೀಳದಂತೆ ಬೆಳಕು ಪಕ್ಕದಿಂದ ಬರಲಿ.
* ಟ್ಯಾಬ್ಲೆಟ್ ಇದ್ದರೆ ಪರದೆಯ ಮೇಲೆಯೇ ಬರೆದು ಸ್ಕ್ರೀನ್ ರೆಕಾರ್ಡರ್‌ನಲ್ಲಿ ಮುದ್ರಿಸಬಹುದು.
* ಒಂದು ವೀಡಿಯೊಗೆ ಒಂದೇ ವಿಷಯ. ಚಿತ್ರ ಅಂದವಾಗಿರಬೇಕಿಲ್ಲ, ಧ್ವನಿ ಸ್ಪಷ್ಟವಾಗಿರಬೇಕು. ಫ್ಯಾನ್ ಆರಿಸಿ.
* ಯೂಟ್ಯೂಬ್‌ನಲ್ಲಿ "ಅನ್‌ಲಿಸ್ಟೆಡ್" ಆಯ್ಕೆ ಮಾಡಿದರೆ ಹುಡುಕಾಟದಲ್ಲಿ ಕಾಣದು. ಕೊಂಡಿ ದೊರೆತವರು ಮಾತ್ರ ನೋಡಬಹುದು.

ವೀಡಿಯೊ ಪ್ರಶ್ನೆಗೆ ಉತ್ತರಿಸಲಾರದು, ಮಗುವಿನ ಮುಖದ ಗೊಂದಲವನ್ನೂ ಕಾಣಲಾರದು. ಆದ್ದರಿಂದ ಅದು ಶಿಕ್ಷಕರ ಸ್ಥಾನಕ್ಕೆ ಬರಲಾರದು. ಆದರೆ ಎಲ್ಲರೆದುರು "ಅರ್ಥವಾಗಲಿಲ್ಲ" ಎನ್ನಲು ಅಂಜುವ ಮಗು ಮನೆಯಲ್ಲಿ ಅದೇ ಪಾಠವನ್ನು ಹತ್ತು ಬಾರಿ ಕೇಳಬಹುದು. ನಮ್ಮ ಶಿಕ್ಷಕರೂ ಹೆತ್ತವರೂ ಈ ರಜೆಯಲ್ಲಿ ಒಂದು ಪಾಠವನ್ನಾದರೂ ಹೀಗೆ ಮುದ್ರಿಸಿ ನೋಡಬಹುದು.