ಸಂಗೀತಜನ್ಯ ರೋಮಾಂಚನ

ಸಂಗೀತವನ್ನು ಆಲಿಸುವಾಗ ಮೈನವಿರೇಳುವಂತಹ ಸುಖಾನುಭವವನ್ನು ಸಂಗೀತಜನ್ಯ ರೋಮಾಂಚನ ಎನ್ನಬಹುದು. ರುಚಿಯಾದ ಆಹಾರ ದೊರೆತಾಗ ಚುರುಕುಗೊಳ್ಳುವ ಮೆದುಳಿನ ಭಾಗಗಳೇ ಇದರಲ್ಲಿಯೂ ಪಾಲ್ಗೊಳ್ಳುತ್ತವೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲರಿ ಸಲಿಂಪೂರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು 2011ರಲ್ಲಿ ಈ ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಕೇಳುಗರು ತಮಗೆ ಪ್ರಿಯವಾದ ಸಂಗೀತವನ್ನು ಆಲಿಸಿದಾಗ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವು ಬಿಡುಗಡೆಯಾಗುವುದು ಕಂಡುಬಂದಿತು. ರೋಮಾಂಚನದ ಕ್ಷಣ ಸಮೀಪಿಸುತ್ತಿದ್ದಂತೆ ಮೆದುಳಿನ ಕಾಡೇಟ್ ಭಾಗವೂ, ಆ ಕ್ಷಣದಲ್ಲಿ ನ್ಯೂಕ್ಲಿಯಸ್ ಅಕಂಬೆನ್ಸ್ ಭಾಗವೂ ಹೆಚ್ಚು ಸಕ್ರಿಯವಾಗಿದ್ದವು. ಅಂದರೆ, ಪರಿಚಿತ ಸಂಗೀತದ ಸುಖವು ನಿರೀಕ್ಷಿತ ಸ್ವರ ಕಿವಿಗೆ ಬೀಳುವ ಮೊದಲೇ, ಅದರ ನಿರೀಕ್ಷೆಯಲ್ಲಿಯೇ ಆರಂಭವಾಗುತ್ತದೆ.

ಶ್ರವಣಶಕ್ತಿ ಸಹಜವಾಗಿದ್ದು, ಇತರ ಸುಖಗಳನ್ನು ಅನುಭವಿಸಬಲ್ಲವರಾದರೂ ಸಂಗೀತದಿಂದ ಆನಂದ ಹೊಂದದ ಕೆಲವರಿದ್ದಾರೆ. ಆದುದರಿಂದ ಸಂಗೀತದಲ್ಲಿನ ನಿರಾಸಕ್ತಿಯನ್ನು ಕೇವಲ ಅರಸಿಕತೆಯೆಂದು ಭಾವಿಸಲಾಗದು.