ಪೀಣ್ಯದ ಮೇಲ್‌ಗೂ ಬೇಕು ಒಳ್ಳೆಯ ಹೆಸರು

ಇಮೇಲ್ ಸಾಗಾಟದ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಅಂದಿನ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದವರು, ಸಂಶೋಧಕರು. ಕಳಿಸುತ್ತಿರುವವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಅಂಚೆ ಲಕೋಟೆಯ ಹಿಂಬದಿಯಲ್ಲಿ ಯಾರ ವಿಳಾಸವನ್ನಾದರೂ ಬರೆದುಬಿಡಬಹುದಲ್ಲ, ಹಾಗೆ. ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆ ತನ್ನದೇ ಸರ್ವರಿನಿಂದ ಕಳಿಸಿದ ಕೊಟೇಶನ್ ಇಂದು ಗ್ರಾಹಕರ ಸ್ಪ್ಯಾಮ್ ಫೋಲ್ಡರಿಗೆ ಬೀಳುವುದರ ಬೇರು ಅಲ್ಲಿದೆ.

ತೊಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸರ್ಕಾರಿ ಎಸ್‌ಟಿಪಿಐ ಕೇಂದ್ರ ಉಪಗ್ರಹದ ಮೂಲಕ ಸಾಫ್ಟ್‌ವೇರ್ ಕಂಪನಿಗಳಿಗೆ ಡೇಟಾ ಲೈನ್ ಕೊಟ್ಟಿತು. 1995ರ ಆಗಸ್ಟ್ 15ರಂದು, ಆಗ ಸರ್ಕಾರದ್ದಾಗಿದ್ದ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೂ ಇಂಟರ್ನೆಟ್ ತೆರೆಯಿತು. ಸ್ವಂತ ಮೇಲ್ ಸರ್ವರ್ ಇಟ್ಟುಕೊಳ್ಳುವುದು ಆಗ ವಿಶೇಷವೇನಲ್ಲ. ಬೆಂಗಳೂರಿನದೇ ಆದ ಡೀಪ್‌ರೂಟ್ ಲಿನಕ್ಸ್ ಕಂಪನಿ ಮುಂದೆ ‘ಡೀಪ್‌ಆಫಿಕ್ಸ್’ ಎಂಬ ಮೇಲ್ ಸರ್ವರನ್ನು ಸ್ವತಂತ್ರ ತಂತ್ರಾಂಶವಾಗಿ ಹೊರತಂದಿತು.

ಅಷ್ಟರಲ್ಲಿ ಜಗತ್ತಿನೆಲ್ಲೆಡೆ ಸ್ಪ್ಯಾಮ್ ಕಳಿಸುವವರು ಬಾಗಿಲು ತೆರೆದಿದ್ದ ಸರ್ವರುಗಳೊಳಗೆ ನುಗ್ಗಿದ್ದರು. 1997ರಲ್ಲಿ ಪಾಲ್ ವಿಕ್ಸಿ ಸ್ಪ್ಯಾಮ್ ಬರುವ ಐಪಿ ವಿಳಾಸಗಳ ಪಟ್ಟಿ ಶುರುಮಾಡಿದರು. ಮರುವರ್ಷ, ಇಂಥದೇ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಹುಟ್ಟಿತು. ಹೆಸರು, ಅಪಖ್ಯಾತಿ ಎರಡೂ ಐಪಿಗೆ ಅಂಟಿಕೊಂಡದ್ದು ಹೀಗೆ. ಪಟ್ಟಿಗಳು ಬೇಕೇ ಬೇಕಾಗಿದ್ದವು, ನಿಜ. ಆದರೆ ಒಂದೇ ಐಪಿ ಸಾಲಿನಲ್ಲಿ ಯಾರೋ ಮಾಡಿದ ತಪ್ಪಿಗೆ ಪಕ್ಕದವನ ಇಮೇಲ್ ಕೂಡ ವಾಪಸಾಗುವುದು ನ್ಯಾಯವಲ್ಲ.

ಗುರುತಿನ ದಾಖಲೆಗಳು ಬಂದದ್ದು ಆಮೇಲೆ. ಈ ಡೊಮೇನಿನ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ. ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು 2012ರಲ್ಲಿ ಬಂದ ಡಿಮಾರ್ಕ್ ತಿಳಿಸುತ್ತದೆ. 2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್‌ಗೆ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಸ್ಪ್ಯಾಮ್ ದೂರು ಶೇ 0.3ನ್ನು ಮುಟ್ಟಬಾರದು.

ದಾಖಲೆ ಸರಿಯಿದ್ದರೂ ಹೆಸರು ಮಾತ್ರ ನಿಧಾನವಾಗಿಯೇ ಬರುತ್ತದೆ. ಮೊದಲು ಸ್ಥಿರ ಐಪಿ ಬೇಕು. ಆ ಐಪಿಯಿಂದ ಸರ್ವರಿನ ಹೆಸರು ಹುಡುಕಿಕೊಡುವ ಪಿಟಿಆರ್ ದಾಖಲೆ ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯ ಕೈಯಲ್ಲಿರುತ್ತದೆ, ಕೇಳಿ ಹಾಕಿಸಿಕೊಳ್ಳಬೇಕು. ಶುರುವಿನಲ್ಲಿ ಉತ್ತರಿಸುವ ಪರಿಚಿತರಿಗಷ್ಟೇ ಒಂದಿಷ್ಟು ಮೇಲ್ ಕಳಿಸಿ, ವಾರ ವಾರ ಹೆಚ್ಚಿಸುತ್ತ ಹೋಗಬೇಕು. ಸತ್ತ ವಿಳಾಸಗಳನ್ನು ಕೂಡಲೇ ಕಿತ್ತುಹಾಕಬೇಕು. ದುಡ್ಡು ಕೊಟ್ಟು ತಂದ ವಿಳಾಸಪಟ್ಟಿಯನ್ನು ಮುಟ್ಟಲೇಬಾರದು.

ಸಣ್ಣವರಿಗೆ ಇಲ್ಲೊಂದು ಅನ್ಯಾಯವಿದೆ. ದಿನಕ್ಕೆ ಬೆರಳೆಣಿಕೆಯಷ್ಟು ಮೇಲ್ ಕಳಿಸುವವರಿಗೆ ಕಳಿಸಿದ ಮೇಲ್‌ಗಳ ಸ್ಥಿತಿಗತಿ ತಿಳಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಏನನ್ನೂ ತೋರಿಸುವುದಿಲ್ಲ, ಲೆಕ್ಕಕ್ಕೆ ಬೇಕಾದಷ್ಟು ಮೇಲ್ ಇರುವುದಿಲ್ಲ. ದೊಡ್ಡವರ ಸೇವೆಗೆ ಶರಣಾಗದೆ ತಮ್ಮ ಪತ್ರ ತಾವೇ ಕಳಿಸುವ ಹಕ್ಕು ಉಳಿಯಬೇಕಾದರೆ ಮೇಲ್ ಸ್ಪ್ಯಾಮಿಗೆ ಬೀಳುವ ಕಾರಣ ಇಂಥವರಿಗೂ ತಿಳಿಯಬೇಕು.

ಅಲ್ಲಿಯವರೆಗೆ ಕೈಗೆ ಸಿಗುವುದು, ಮೇಲ್ ಪಡೆದ ಸರ್ವರುಗಳು ಪರೀಕ್ಷೆಯ ಫಲಿತಾಂಶ ತಿಳಿಸಿ ಕಳಿಸುವ ಡಿಮಾರ್ಕ್ ವರದಿ. ವೈಟ್‌ಫೀಲ್ಡ್‌ನ ಸ್ಟಾರ್ಟಪ್ ಇರಲಿ, ಪೀಣ್ಯದ ವರ್ಕ್‌ಶಾಪ್ ಇರಲಿ, ಅದನ್ನು ತೆರೆದು ಓದಬೇಕು. ಕಂಪನಿಯ ಹೆಸರಿನಲ್ಲಿ ಇನ್‌ವಾಯ್ಸ್ ಕಳಿಸುವ ಹೊರಗಿನ ಸಾಫ್ಟ್‌ವೇರ್ ಎಸ್‌ಪಿಎಫ್ ಪಟ್ಟಿಯಿಂದ ಬಿಟ್ಟುಹೋಗಿದ್ದರೆ, ಅದು ಸಿಕ್ಕಿಬೀಳುವುದು ಅಲ್ಲಿಯೇ.