ಡೋರ್ನಹಳ್ಳಿಯ ಸಂತ ಅಂತೋಣಿ: ಐತಿಹ್ಯ, ಧರ್ಮಗ್ರಂಥ ಮತ್ತು ಸಾಲದ ಪ್ರಶ್ನೆ

ಧರ್ಮಗ್ರಂಥದ ಬೋಧನೆ ಜನಜೀವನಕ್ಕೆ ಇಳಿಯುವಾಗ ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಹಿನ್ನೆಲೆಗೆ ಸರಿಯುತ್ತದೆ ಎಂಬುದು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು. ಮೈಸೂರು ಜಿಲ್ಲೆಯ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿರುವ ಸಂತ ಅಂತೋಣಿಯವರ ಕ್ಷೇತ್ರ ಇದಕ್ಕೆ ನಿದರ್ಶನ. 2019ರಲ್ಲಿ ಬಸಿಲಿಕ ಪದವಿ ಪಡೆದ ಈ ಕ್ಷೇತ್ರಕ್ಕೆ ಕ್ರೈಸ್ತರಲ್ಲದೆ ಅನ್ಯಮತೀಯರೂ ಹರಕೆ ಹೊತ್ತು ಬರುತ್ತಾರೆ. ಪ್ರತಿವರ್ಷ ಜೂನ್ 13ರಂದು ಇಲ್ಲಿ ಸಂತರ ಹಬ್ಬ ನಡೆಯುತ್ತದೆ.

ಐತಿಹ್ಯದ ಪ್ರಕಾರ, ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮಣ್ಣಿನಲ್ಲಿ ಮರದ ಪ್ರತಿಮೆಯೊಂದು ದೊರೆಯಿತು. ಅದನ್ನು ಬೊಂಬೆಯೆಂದು ಭಾವಿಸಿದ ಅವನಿಗೆ ಕನಸಿನಲ್ಲಿ ಸನ್ಯಾಸಿಯೊಬ್ಬರು ಕಾಣಿಸಿಕೊಂಡು ಗುಡಿ ಕಟ್ಟಲು ತಿಳಿಸಿದರು. ನೇಗಿಲಿಗೆ ಸಿಕ್ಕ ದೇವರು, ಕನಸಿನ ಅಪ್ಪಣೆ ಇವು ಕನ್ನಡ ನಾಡಿನ ಸ್ಥಳೈತಿಹ್ಯಗಳಲ್ಲಿ ಮರಳಿ ಮರಳಿ ಬರುವ ಆಶಯಗಳು. ಇವುಗಳ ಮೂಲಕವೇ ಪರದೇಶದ ಸಂತರು ಈ ನೆಲದವರಾದರು.

ಚಾರಿತ್ರಿಕ ಅಂತೋಣಿಯವರು ಲಿಸ್ಬನ್ ನಗರದಲ್ಲಿ ಜನಿಸಿ, 1231ರ ಜೂನ್ 13ರಂದು ಇಟಲಿಯ ಪಾದುವಾ ಬಳಿ ನಿಧನರಾದವರು. ಮುಖ್ಯವಾಗಿ ಧರ್ಮಗ್ರಂಥದ ಬೋಧಕರು. 1946ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಅವರನ್ನು ಧರ್ಮಸಭೆಯ ಆಚಾರ್ಯರೆಂದು ಘೋಷಿಸಿದರು. ಅವರ ಪ್ರವಚನಗಳು ಬಡ್ಡಿಕೋರತನವನ್ನು ಕಟುವಾಗಿ ಖಂಡಿಸುತ್ತವೆ. ಆಸ್ತಿಯನ್ನು ಬಿಟ್ಟುಕೊಟ್ಟ ಸಾಲಗಾರನನ್ನು ಸೆರೆಯಲ್ಲಿಡಬಾರದೆಂದು 1231ರ ಮಾರ್ಚ್‌ನಲ್ಲಿ ಪಾದುವಾ ನಗರವು ಕಟ್ಟಳೆ ಮಾಡಿದ್ದು ಅವರ ಕೋರಿಕೆಯ ಮೇರೆಗೆ. ಈ ನಿಲುವಿಗೆ ಬೈಬಲಿನಲ್ಲಿ ಸ್ಪಷ್ಟ ಆಧಾರವಿದೆ. ವಿಮೋಚನಕಾಂಡದ 22ನೆಯ ಅಧ್ಯಾಯವು ಬಡವನಿಂದ ಬಡ್ಡಿ ಪಡೆಯುವುದನ್ನು ನಿಷೇಧಿಸುತ್ತದೆ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ಏಳು ವರ್ಷಗಳಿಗೊಮ್ಮೆ ಸಾಲಮನ್ನಾವನ್ನು ವಿಧಿಸುತ್ತದೆ.

ಡೋರ್ನಹಳ್ಳಿಯ ಸುತ್ತಣ ಪ್ರದೇಶಕ್ಕೆ ಈ ಬೋಧನೆ ಅಪ್ರಸ್ತುತವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಸೀಮೆ. ಗೊಬ್ಬರ, ಕೂಲಿ, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಇವೆಲ್ಲಕ್ಕೂ ಹಣ ಮೊದಲೇ ಬೇಕು. ಬೆಲೆ ತಿಳಿಯುವುದು ಹರಾಜು ಮಾರುಕಟ್ಟೆಯಲ್ಲಿ. 2015ರಲ್ಲಿ ಬೆಲೆ ಕುಸಿದಾಗ ಈ ಭಾಗದ ಬೆಳೆಗಾರರ ಆತ್ಮಹತ್ಯೆಗಳು ವರದಿಯಾದವು. ಬೆಳೆಯೇ ಒಂದು ನೈತಿಕ ಪ್ರಶ್ನೆಯೂ ಹೌದು. ಕಥೋಲಿಕ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವು 2290ನೆಯ ಕಂಡಿಕೆಯಲ್ಲಿ ತಂಬಾಕಿನ ಅತಿಬಳಕೆ ಸಲ್ಲದೆನ್ನುತ್ತದೆ. ಆ ಮಾತು ಸೇದುವವನನ್ನು ಕುರಿತದ್ದು, ಬೆಳೆದು ಸಾಲಕ್ಕೆ ಸಿಲುಕಿದವನನ್ನು ಕುರಿತದ್ದಲ್ಲ. ಭಾರತವು 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೆಯ ವಿಧಿ ಬೆಳೆಗಾರರ ಪರ್ಯಾಯ ಜೀವನೋಪಾಯವನ್ನು ಪ್ರಸ್ತಾಪಿಸುತ್ತದೆ. ಕ್ರೈಸ್ತ ಬೋಧನೆಯೊಳಗೆ ಬೆಳೆಗಾರನ ಪ್ರಶ್ನೆಗೆ ಉತ್ತರ ದೊರೆಯುವುದು ಸಾಲವನ್ನು ಕುರಿತ ಪ್ರಾಚೀನ ವಿಧಿಗಳಲ್ಲಿ.

ಇಲ್ಲಿ ಹರಕೆಗೂ ವಿಧಿಗೂ ಇರುವ ವ್ಯತ್ಯಾಸ ಗಮನಾರ್ಹ. ಹರಕೆಯು ಕಷ್ಟದಲ್ಲಿರುವವನಿಗೂ ಸಂತರಿಗೂ ನಡುವಿನ ಒಪ್ಪಂದ. ಅದರಲ್ಲಿ ಸಾಲ ಕೊಟ್ಟವನಿಗೆ ಪಾತ್ರವಿಲ್ಲ. ಧರ್ಮಗ್ರಂಥದ ವಿಧಿ ಹೊಣೆ ಹೊರಿಸುವುದಾದರೋ ಸಾಲ ಕೊಟ್ಟವನ ಮೇಲೆ, ಸಮುದಾಯದ ಮೇಲೆ. ಉಳುವವನಿಗೆ ಒಲಿದ ಸಂತರನ್ನು ಐತಿಹ್ಯ ಕಾಪಾಡಿಕೊಂಡು ಬಂದಿದೆ. ಸಾಲಗಾರನ ಪರವಾಗಿ ನಗರಸಭೆಯನ್ನು ಕೋರಿದ ಸಂತರನ್ನು ಜನರ ನೆನಪಿಗೆ ತರುವ ಕೆಲಸ ಬೋಧಕರಿಗೆ ಸೇರಿದ್ದು.